ಎಂಟು ಕುರ್ಚಿಗಳ ಕಂಪನಿ

ಮುಂಬಯಿಯ ಗೋಡೆಗಳ ಮೇಲೆ ಸಿನಿಮಾಗಳಷ್ಟೇ ಜಾಗ ಹಿಡಿದಿರುವುದು ಕ್ಲಾಸುಗಳು. ವಿದ್ಯುತ್ ಕಂಬ, ರಿಕ್ಷಾದ ಬೆನ್ನು, ರೈಲ್ವೆ ಸೇತುವೆಯ ಮೆಟ್ಟಿಲು, ಸೊಸೈಟಿಗಳ ಕಾಂಪೌಂಡು, ಎಲ್ಲಿ ನೋಡಿದರೂ 'ಎಂಟರಿಂದ ಹತ್ತು, ಎಲ್ಲ ವಿಷಯ'. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರವಂತೂ ಹೆಚ್ಚು ಅಂಕ ಪಡೆದ ಮಕ್ಕಳ ಮುಖಗಳು ಚುನಾವಣೆಯ ಅಭ್ಯರ್ಥಿಗಳ ಹಾಗೆ ಫ್ಲೆಕ್ಸಿನಲ್ಲಿ ಸಾಲುಗಟ್ಟುತ್ತವೆ. ಈ ಊರಿನಲ್ಲಿ ಕ್ಲಾಸು ನಡೆಸಿ ಬದುಕು ಕಟ್ಟಿಕೊಂಡವರು ಎಷ್ಟೋ ಜನ. ಮುಲುಂಡಿನಲ್ಲಿ 1988ರಲ್ಲಿ ಮಹೇಶ್ ಶೆಟ್ಟಿಯವರು ಶುರುಮಾಡಿದ ಮಹೇಶ್ ಟ್ಯುಟೋರಿಯಲ್ಸ್ ಬೆಳೆಯುತ್ತಾ ಬೆಳೆಯುತ್ತಾ 2012ರಲ್ಲಿ ಷೇರುಪೇಟೆಯ ಪಟ್ಟಿಯನ್ನೂ ಸೇರಿತು. ನಾನು ಹೇಳಹೊರಟಿರುವ ಕಂಪನಿಗೆ ಷೇರುಪೇಟೆ ಗೊತ್ತಿಲ್ಲ, ಫ್ಲೆಕ್ಸೂ ಇಲ್ಲ. ಬಾಂದ್ರಾ ಪಶ್ಚಿಮದ ರಣವಾರ್ ಗಾವಠಾಣದಲ್ಲಿ, ಮರದ ಮೆಟ್ಟಿಲಿನ ಹಳೆಯ ಮನೆಯೊಂದರ ನೆಲಮಹಡಿಯ ಎರಡು ಕೋಣೆಗಳಲ್ಲಿ ಅದು ನಡೆಯುತ್ತದೆ. ಒಬ್ಬ ಒಡತಿ, ನಾಲ್ವರು ಟ್ಯೂಟರುಗಳು, ಒಂದು ಬ್ಯಾಚಿಗೆ ಎಂಟು ಕುರ್ಚಿ. ಪ್ರೈವೇಟ್ ಲಿಮಿಟೆಡ್ ಎಂದು ನೋಂದಾಯಿಸಿದ್ದಾರೆ, ಜಿಎಸ್‌ಟಿ ಕಟ್ಟುತ್ತಾರೆ, ತಿಂಗಳ ಕೊನೆಗೆ ಸಂಬಳದ ಚೀಟಿ ಕೊಡುತ್ತಾರೆ. ಹಾಗಾಗಿ ನಾವೂ ಅದನ್ನು ಕಂಪನಿ ಎಂದೇ ಕರೆಯುತ್ತೇವೆ.

ಅಲ್ಲಿಗೆ ಟ್ಯೂಟರಾಗಿ ಸೇರುವ ಮೊದಲು ನಾನೊಂದು ದೊಡ್ಡ ಕ್ಲಾಸಿನಲ್ಲಿದ್ದೆ. ಉದ್ದನೆಯ ಹಾಲ್, ಕೊರಳಿಗೆ ಮೈಕು, ಎದುರಿಗೆ ಮುಖಗಳ ಸಾಲು. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಪೋರ್ಷನ್ ಮುಗಿಯಿತಾ? ದೀಪಾವಳಿಯೊಳಗೆ ಪೋರ್ಷನ್ ಮುಗಿಯಬೇಕು, ಆಮೇಲೆ ರಿವಿಜನ್, ಆಮೇಲೆ ಪ್ರಿಲಿಮ್, ಆಮೇಲೆ ಬೋರ್ಡು. ನಾನು ಗಂಟೆಗಟ್ಟಲೆ ಮಾತಾಡುತ್ತಿದ್ದೆ, ಯಾರ ಮಾತನ್ನೂ ಕೇಳಿಸಿಕೊಳ್ಳುವ ಏರ್ಪಾಡು ಅಲ್ಲಿರಲಿಲ್ಲ. ಸಂಬಳ ಚೆನ್ನಾಗಿಯೇ ಇತ್ತು. ಆದರೆ ವರ್ಷದ ಕೊನೆಗೆ ಯಾವ ಹುಡುಗನಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಅಂಕಪಟ್ಟಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ರಣವಾರಿನ ಒಡತಿ ಈಸ್ಟ್ ಇಂಡಿಯನ್ ಸಮುದಾಯದವರು. ಸಾಷ್ಟಿ ಮತ್ತು ಮುಂಬಯಿ ದ್ವೀಪಗಳ ಮೂಲನಿವಾಸಿ ಕ್ಯಾಥೊಲಿಕರು 1887ರಲ್ಲಿ ತಮಗೆ ತಾವೇ ಇಟ್ಟುಕೊಂಡ ಹೆಸರದು. ಗೋವೆಯಿಂದ, ಮಂಗಳೂರಿನಿಂದ ಬಂದ ಕ್ರೈಸ್ತರಿಗಿಂತ ತಾವು ಬೇರೆ, ಈ ನೆಲದವರು ಎಂದು ಗುರುತಿಸಿಕೊಳ್ಳಲು. ಮನೆ ಅವರ ಚಿಕ್ಕಮ್ಮನದು. ಚಿಕ್ಕಮ್ಮ ಮೇಲಿನ ಮಹಡಿಯಲ್ಲಿರುತ್ತಾರೆ. ಏಪ್ರಿಲ್, ಮೇ ಬಂತೆಂದರೆ ವರ್ಷಕ್ಕಾಗುವಷ್ಟು ಬಾಟಲ್ ಮಸಾಲೆಗೆ ಮೆಣಸಿನಕಾಯಿ ಒಣಹಾಕುತ್ತಾರೆ. ಹತ್ತಕ್ಕೆ ಹೋಗುವ ಮಕ್ಕಳ ವೆಕೇಶನ್ ಬ್ಯಾಚು ನಡೆಯುವುದೂ ಆಗಲೇ. ಮಸಾಲೆ ಹುರಿಯುವ ದಿನ ನಮ್ಮ ತ್ರಿಕೋನಮಿತಿ ಸೀನುಗಳ ನಡುವೆಯೇ ಸಾಗಬೇಕು. ಆ ಮಸಾಲೆಯನ್ನು ಬಿಯರಿನ ಬಾಟಲಿಗಳಲ್ಲಿ ಒತ್ತಿ ಒತ್ತಿ ತುಂಬುತ್ತಾರೆ. ಅದರ ಒಂದು ಬಾಟಲಿ ಪ್ರತಿ ವರ್ಷ ನನ್ನ ಮನೆಗೂ ಬರುತ್ತದೆ. ಅಂಕೋಲೆಯ ಕಡೆಯ ಮೀನು ಸಾರಿಗೆ ಅದು ಎಷ್ಟು ಚೆನ್ನಾಗಿ ಒಗ್ಗುತ್ತದೆಂದು ನನ್ನ ಅಮ್ಮನಿಗೆ ಇನ್ನೂ ನಂಬಿಕೆ ಬಂದಿಲ್ಲ.

ಕೆಲಸಕ್ಕೆ ಸೇರಿದ ದಿನ ಒಡತಿ ಹೇಳಿದ್ದು ಎರಡೇ ಮಾತು. ಒಂದು, ಟ್ಯೂಟರಿಗೆ ಮೇಜು ಇಲ್ಲ, ಮಗುವಿನ ಪಕ್ಕ ಕೂರಬೇಕು. ಬಲಗೈಯಲ್ಲಿ ಬರೆಯುವ ಮಗುವಾದರೆ ಎಡಕ್ಕೆ, ಎಡಗೈಯವರಾದರೆ ಬಲಕ್ಕೆ. ಬರೆಯುವ ಕೈ ಪುಸ್ತಕವನ್ನು ಮರೆಮಾಡಬಾರದು. ಎರಡು, ಮೊದಲ ಹತ್ತು ನಿಮಿಷ ಮಗುವಿನದು, ನಿಮ್ಮದಲ್ಲ. ನಿನ್ನೆ ಮಾಡಿದ್ದನ್ನು ಅದು ನಿಮಗೆ ಕಲಿಸಲಿ.

ಎದುರು ಕೂತಾಗ ಕಾಣುವುದು ಉತ್ತರ. ಪಕ್ಕದಲ್ಲಿ ಕೂತಾಗ ಪೆನ್ಸಿಲ್ಲಿನ ಓಡಾಟ ಕಾಣುತ್ತದೆ. ನನಗೆ ಇದು ಮನದಟ್ಟಾದದ್ದು ಬಾಂದ್ರಾ ಪೂರ್ವದಿಂದ ಬರುತ್ತಿದ್ದ ಮರಾಠಿ ಮಾಧ್ಯಮದ ಒಬ್ಬ ಹುಡುಗನಿಂದ. ಎಂಟನೆಯ ತರಗತಿ, ಲೆಕ್ಕದಲ್ಲಿ ನಿಧಾನ ಎಂದು ಶಾಲೆಯವರು ಬರೆದು ಕಳಿಸಿದ್ದರು. ನಾನು ಮರಾಠಿಯಲ್ಲಿ 'ತೀನಶೇ ಬಾಸಷ್ಟ' ಎಂದು ಹೇಳಿದೆ. ಅವನು 3 ಬರೆದ. ಆಮೇಲೆ ಒಂದು ಅಂಕಿಯಷ್ಟು ಜಾಗ ಬಿಟ್ಟು 2 ಬರೆದ. ಆಮೇಲೆ ಪೆನ್ಸಿಲನ್ನು ಹಿಂದಕ್ಕೆ ತಂದು ಬಿಟ್ಟ ಜಾಗದಲ್ಲಿ 6 ತುಂಬಿದ. 362. ಸರಿಯಾಗಿಯೇ ಇತ್ತು. ನೋಡಿದವರಿಗೆ ಅದರಲ್ಲಿ ಏನೂ ಅನ್ನಿಸುವಂತಿರಲಿಲ್ಲ. ಆದರೆ ಪ್ರತಿ ಸಂಖ್ಯೆಗೂ ಅವನ ಪೆನ್ಸಿಲ್ ಹೀಗೆ ಮುಂದೆ ಹಾರಿ ಹಿಂದೆ ಬರುತ್ತಿತ್ತು. ಅವಸರವಾದಾಗ ಹಿಂದೆ ಬರುವುದು ತಪ್ಪುತ್ತಿತ್ತು, 326 ಆಗಿಬಿಡುತ್ತಿತ್ತು. ಉಳಿದದ್ದೆಲ್ಲ ಸರಿಯಿದ್ದರೂ ಉತ್ತರ ಮಾತ್ರ ತಪ್ಪು.

ಮರಾಠಿಯಲ್ಲಿ, ಹಿಂದಿ ಉರ್ದುವಿನಲ್ಲೂ ಕೂಡ, ಎರಡಂಕಿಯ ಸಂಖ್ಯೆಯಲ್ಲಿ ಕಿವಿಗೆ ಮೊದಲು ಬೀಳುವುದು ಬಿಡಿ, ಆಮೇಲೆ ಹತ್ತು. ಐವತ್ತೊಂಬತ್ತಕ್ಕಂತೂ 'ಏಕೋಣಸಾಠ', ಅರವತ್ತಕ್ಕೆ ಒಂದು ಕಡಿಮೆ. ನಾವು ಕನ್ನಡದವರು ಅರವತ್ತೆರಡು ಎಂದಾಗ ಅರವತ್ತು ಮುಂದೆ, ಎರಡು ಹಿಂದೆ; ಬಾಯಿ ಹೇಳಿದ ಕ್ರಮದಲ್ಲೇ ಕೈ ಬರೆಯುತ್ತದೆ. ಹುಟ್ಟಿದಾಗಿನಿಂದ ಈ ಅನುಕೂಲದಲ್ಲಿ ಬೆಳೆದವನಾದ್ದರಿಂದ ಇದೊಂದು ಅನುಕೂಲವೆಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೆಯ ತರಗತಿಯ ಗಣಿತದಲ್ಲಿ 'ಬಾಸಷ್ಟ'ದ ಜೊತೆಗೆ 'ಸಾಠ ದೋನ' ಎಂಬ ಕ್ರಮವನ್ನೂ ತಂದಾಗ ರಾಜ್ಯದಲ್ಲಿ ದೊಡ್ಡ ಗದ್ದಲವೆದ್ದಿತ್ತು. ಭಾಷೆ ಕೆಟ್ಟುಹೋಗುತ್ತದೆ ಎಂದರು ಹಲವರು. ಗಣಿತ ಸಮಿತಿಯ ಅಧ್ಯಕ್ಷೆಯಾಗಿದ್ದ ಮಂಗಲಾ ನಾರಳೀಕರ್ ಮಕ್ಕಳ ಕಷ್ಟವನ್ನು ಮುಂದಿಟ್ಟು ಅದನ್ನು ಸಮರ್ಥಿಸಿದರು. ಪತ್ರಿಕೆಯಲ್ಲಿ ಓದಿದಾಗ ನಾನೂ ಅದನ್ನು ಊರಿನವರ ಜಗಳವೆಂದು ಮಡಿಸಿಟ್ಟಿದ್ದೆ. ಈ ಹುಡುಗನ ಪೆನ್ಸಿಲ್ಲು ಹಿಂದೆ ಮುಂದೆ ಹಾರುವುದನ್ನು ನೋಡಿದ ಮೇಲೆ ನಾನು ಪೂರ್ತಿ ಮಂಗಲಾತಾಯಿಯ ಪಕ್ಷ. ಭಾಷೆಯ ಸೊಗಸು ನನಗೂ ಬೇಕು, ಬಾಸಷ್ಟ ಹೇಳುವವರು ಹೇಳಲಿ. ಆದರೆ ಏಳು ವರ್ಷದ ಮಗುವಿನ ಬೆರಳಿಗೆ ಒಂದು ನೇರ ದಾರಿಯೂ ಇರಲಿ.

ಆ ಹುಡುಗ ನಿಧಾನನಾಗಿರಲಿಲ್ಲ. ಬೇರೆಯವರು ಒಂದು ಸಲ ಬರೆಯುವುದನ್ನು ಅವನು ತಲೆಯಲ್ಲಿ ತಿರುಗಿಸಿ ಎರಡು ಸಲ ಬರೆಯುತ್ತಿದ್ದ. ದಿನಕ್ಕೆ ಐದು ನಿಮಿಷ ಸಂಖ್ಯೆಯನ್ನು ಪೂರ್ತಿ ಕೇಳಿ, ಮನಸ್ಸಿನಲ್ಲಿ ಒಮ್ಮೆ 'ಸಾಠ ದೋನ' ಎಂದುಕೊಂಡು ಎಡದಿಂದ ಬಲಕ್ಕೆ ಬರೆಯುವ ಅಭ್ಯಾಸ ಮಾಡಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಪೆನ್ಸಿಲ್ ಹಾರುವುದು ನಿಂತಿತು. ಅವನ ಅಮ್ಮ ಅಂಕಗಳನ್ನು ನೋಡಿ ಖುಷಿಪಟ್ಟರು. ನನ್ನ ಖುಷಿ ಬೇರೆಯೇ ಕಾರಣಕ್ಕೆ. ಮೈಕು ಹಿಡಿದ ಅಷ್ಟು ಕಾಲದಲ್ಲಿ ನೋಡಲಾಗದ್ದನ್ನು ಇಲ್ಲಿ ನೋಡಿದ್ದೆ. ತಪ್ಪು ಉತ್ತರಕ್ಕೂ ಒಂದು ದಾರಿ ಇರುತ್ತದೆ, ಆ ದಾರಿಯಲ್ಲಿ ಮಗು ನಡೆದೇ ಬಂದಿರುತ್ತದೆ, ಅದರ ಜೊತೆ ಹಿಂದಕ್ಕೆ ನಡೆದು ಹೋಗದೆ ಕಲಿಸುವುದು ಸಾಧ್ಯವಿಲ್ಲ. ಇಷ್ಟು ತಿಳಿದದ್ದು ನನ್ನ ಬದುಕಿನ ದೊಡ್ಡ ಗಳಿಕೆ ಎಂದೇ ಭಾವಿಸಿದ್ದೇನೆ.

ಕಾಯುವುದು ಇನ್ನೊಂದು ವಿದ್ಯೆ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಶಾಲೆಗಳ ಪಾಠಗಳನ್ನು ಧ್ವನಿಮುದ್ರಿಸಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ ಎಂದು ಅವರಿಗೆ ಕಂಡಿತು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ದಡ್ಡರೆಂದು ಹೆಸರಾದ ಮಕ್ಕಳೂ ಬಾಯಿ ಬಿಡುತ್ತಾರೆ, ಮಕ್ಕಳೇ ತಿರುಗಿ ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಇದನ್ನು ನಮಗೆಲ್ಲ ಓದಿಸಿದವರು ಒಡತಿಯೇ. ಮೂರು ಸೆಕೆಂಡ್ ಎಂದರೆ ಎಷ್ಟು ಉದ್ದವೆಂದು ಪ್ರಶ್ನೆ ಕೇಳಿ ಸುಮ್ಮನಾದವರಿಗೇ ಗೊತ್ತು. ಹಿಲ್ ರೋಡಿನ ರಿಕ್ಷಾಗಳ ಹಾರ್ನು ಕೇಳಿಸುತ್ತದೆ, ಫ್ಯಾನಿನ ಸದ್ದು ಕೇಳಿಸುತ್ತದೆ, ಮೇಲಿನ ಮಹಡಿಯಲ್ಲಿ ಚಿಕ್ಕಮ್ಮನ ಚಪ್ಪಲಿ ಕೇಳಿಸುತ್ತದೆ. ನಾಲಗೆ ತುದಿಗೆ ಬಂದ ಸುಳಿವನ್ನು ನುಂಗಿಕೊಂಡು ಕೂರಬೇಕು. ಈ ಅಭ್ಯಾಸ ಕ್ಲಾಸಿನ ಬಾಗಿಲು ದಾಟಿ ನನ್ನ ಮನೆಗೂ ಬಂತು. ಊರಿನಿಂದ ಅಪ್ಪನ ಫೋನು ಬಂದರೆ ಗದ್ದೆ, ಆಳು, ಬೇಲಿ ಎಂದು ಅವರು ಶುರುಮಾಡುವಷ್ಟರಲ್ಲಿ ಪರಿಹಾರ ಹೇಳಿ ಮುಗಿಸುವುದು ನನ್ನ ಪದ್ಧತಿಯಾಗಿತ್ತು. ಈಗ ಸುಮ್ಮನಿರುತ್ತೇನೆ. ಬೇಲಿಯ ಮಾತು ಮುಗಿದ ಮೇಲೂ ಕಾಯುತ್ತೇನೆ. ಆಗಲೇ ಅಪ್ಪ ತಮ್ಮ ಮಂಡಿನೋವಿನ ವಿಷಯ ತೆಗೆಯುವುದು, ತೀರಿಹೋದ ಗೆಳೆಯನ ಮಾತು ಎತ್ತುವುದು. ಅಪ್ಪನನ್ನು ಈ ವಯಸ್ಸಿನಲ್ಲಿ ನನಗೆ ಪರಿಚಯಿಸಿಕೊಟ್ಟದ್ದು ಬಾಂದ್ರಾದ ಈ ನೌಕರಿ.

ಮಕ್ಕಳಿಗೆ ಮಾತಿಗೆ ಜಾಗ ಸಿಕ್ಕಿದರೆ ಪ್ರಶ್ನೆಗಳೂ ಬರುತ್ತವೆ. ಖೇರವಾಡಿಯ ಕಿರಾಣಿ ಅಂಗಡಿಯವರ ಮಗಳೊಬ್ಬಳು ಒಂದು ಸಂಜೆ ಕೇಳಿದಳು: 'ಸರ್, ಮೈನಸ್ ಇಂಟು ಮೈನಸ್ ಪ್ಲಸ್ ಅಂತೀರಲ್ಲ, ಯಾಕೆ?' ನಿಯಮ ಎಲ್ಲರಿಗೂ ಗೊತ್ತು. ನಾನು ಬಿ.ಎಸ್ಸಿ. ಮುಗಿಸಿದ್ದು ಆ ನಿಯಮದ ಬೆನ್ನ ಮೇಲೆ. ಯಾಕೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಅವಳು 'ಪಕ್ಕಾ?' ಎಂದಳು. ಪಕ್ಕಾ ಎಂದೆ. ಬಾಂದ್ರಾದಿಂದ ಸಾಂತಾಕ್ರೂಜಿಗೆ ನಡುವೆ ಖಾರ್ ಒಂದೇ ಸ್ಟೇಷನ್ನು. ಆ ರಾತ್ರಿ ಅದು ನನಗೆ ಸಾಲಲಿಲ್ಲ, ವಾಕೋಲಾದ ಮನೆಯ ತನಕ ನಡೆದು ಯೋಚಿಸಿದೆ.

ಉತ್ತರ ಸಿಕ್ಕಿದ್ದು ಅವಳ ಅಪ್ಪನ ಅಂಗಡಿಯಲ್ಲೇ. ಉದ್ರಿ ಪುಸ್ತಕದಲ್ಲಿ ಒಂದು ಮನೆಯ ಹೆಸರಿನಲ್ಲಿ 50 ರೂಪಾಯಿಯ ಮೂರು ಬಾಕಿ ಇವೆ ಎಂದುಕೊ. ಆ ಮನೆಯವರಿಗೆ ಪ್ರತಿ ಬಾಕಿಯೂ ಮೈನಸ್ 50. ನಿನ್ನ ಅಪ್ಪ ಹಬ್ಬದ ದಿನ ಮನಸ್ಸು ಮಾಡಿ ಆ ಮೂರು ಬಾಕಿಗಳನ್ನು ಹೊಡೆದುಹಾಕಿದರು. ಮೂರು ಸಲ ತೆಗೆದುಹಾಕಿದ್ದು, ಅಂದರೆ ಮೈನಸ್ 3. ಈಗ ಆ ಮನೆಯವರು ಮೊದಲಿಗಿಂತ ಎಷ್ಟು ಮೇಲಿದ್ದಾರೆ? ಅವಳು ಬರೆದಳು, 150. ಮುಂದೆ ಚಿಹ್ನೆ ಹಾಕದೆ ಕೊಂಚ ಹೊತ್ತು ಅದನ್ನೇ ನೋಡುತ್ತಾ ಕೂತಳು. ಆಮೇಲೆ ತಾನಾಗಿಯೇ ಎಡಗಡೆಗೆ ಒಂದು ಕೂಡು ಚಿಹ್ನೆ ಎಳೆದಳು, ದಪ್ಪಗೆ, ಎರಡು ಸಲ ತಿದ್ದಿ.

ಇದೇ ಲೆಕ್ಕ ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಧನ, ಋಣ ಎಂಬ ಹೆಸರುಗಳಲ್ಲೇ ಇದೆ. ಎರಡು ಋಣಗಳ ಗುಣಲಬ್ಧ ಧನ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಒಂಬತ್ತನೆಯ ಶತಮಾನದಲ್ಲಿ ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಬಡ್ಡಿ, ಅಳತೆ, ಧಾನ್ಯ, ಚಿನ್ನ, ಕೆರೆ ಇವೆಲ್ಲ ಇರುವ ಗಣಿತ ಕನ್ನಡಿಗರಿಗೆ ಹೊಸತೇನಲ್ಲ. ಈ ಪುಸ್ತಕಗಳ ಹೆಸರು ಬಾಲ್ಯದಲ್ಲಿ ಸಾಹಿತ್ಯ ಚರಿತ್ರೆಯ ಒಂದು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡಿದ್ದೆ. ಅವು ನಿಜವಾಗಿ ಬೇಕಾದದ್ದು ಬಾಂದ್ರಾದಲ್ಲಿ, ಕಿರಾಣಿಯವರ ಮಗಳ ಒಂದು 'ಯಾಕೆ'ಗೆ. ಕಲಿಸುವವನು ಕಲಿಯುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ಅದು ಹೇಗೆ ಆಗುತ್ತದೆಂದು ನನಗೆ ತಿಳಿದದ್ದು ಹೀಗೆ. ಮಗುವಿಗೆ ಕೊಟ್ಟ ಒಂದು ಪಕ್ಕಾ ಮಾತು ಬೆನ್ನುಹತ್ತಿದರೆ ಪರೀಕ್ಷೆಗೆ ಓದಿದ್ದನ್ನೆಲ್ಲ ಇನ್ನೊಮ್ಮೆ, ಈ ಸಲ ನಿಜವಾಗಿ, ಓದಬೇಕಾಗುತ್ತದೆ.

ಮಾನ್‌ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು ಧಾರಾವಿಯ ಮಕ್ಕಳ ನಡುವೆ ಕೆಲಸ ಮಾಡಿ, ಮನೆಯಲ್ಲೇ ನಡೆಯುವ ಕಸುಬುಗಳಿಂದ ಅವರಿಗೆ ಬಂದಿರುವ ಲೆಕ್ಕಗಾರಿಕೆಯನ್ನು ದಾಖಲಿಸಿದ್ದಾರೆ. ಮಾಹೀಮಿನ ಖಾಡಿಯ ಆಚೆ ದಡ ಧಾರಾವಿ, ಈಚೆ ದಡ ಬಾಂದ್ರಾ. ಜರಿ ಕೆಲಸ, ಚರ್ಮದ ಕೆಲಸ, ತರಕಾರಿ ಗಾಡಿ, ಮೀನಿನ ಬುಟ್ಟಿ ಇವುಗಳ ನಡುವೆ ಬೆಳೆದ ಮಕ್ಕಳು ನಮ್ಮ ಎಂಟು ಕುರ್ಚಿಗಳಲ್ಲೂ ಕೂರುತ್ತಾರೆ. ಅನುಕೂಲಸ್ಥರ ಪಾಲಿ ಹಿಲ್ಲಿನ ಐಸಿಎಸ್‌ಇ ಮಕ್ಕಳ ಪಕ್ಕದಲ್ಲೇ ಕೂರುತ್ತಾರೆ. ಶುಲ್ಕದಲ್ಲಿ ಒಡತಿ ಮಾಡುವ ಹೊಂದಾಣಿಕೆ ಅವರಿಗೂ ಆಯಾ ತಂದೆತಾಯಿಗೂ ಮಾತ್ರ ಗೊತ್ತು, ನಾವು ಕೇಳುವುದಿಲ್ಲ.

ಈ ಎರಡು ಬಗೆಯ ಮಕ್ಕಳನ್ನು ಒಂದೇ ಲೆಕ್ಕ ಕೂಡಿಸಿದ ಒಂದು ಮಳೆಗಾಲದ ಸಂಜೆ ನನಗೆ ಬಹಳ ಪ್ರಿಯವಾದದ್ದು. ಹಳಿಯ ಮೇಲೆ ನೀರು, ಲೋಕಲ್ ಬಂದ್, ಹೊರಗೆ ಮೊಣಕಾಲುದ್ದ ಹರಿವು. ಮಕ್ಕಳನ್ನು ಕರೆದೊಯ್ಯಲು ಯಾರೂ ಬರುವ ಹಾಗಿರಲಿಲ್ಲ. ಚಿಕ್ಕಮ್ಮ ಮೇಲಿನಿಂದ ಚಹಾ, ಪಾವ್ ಕಳಿಸಿದರು. ಮಾತು ಸಹಜವಾಗಿಯೇ 2005ರ ಜುಲೈ 26ಕ್ಕೆ ಹೋಯಿತು. ಈ ಮಕ್ಕಳು ಯಾರೂ ಆಗ ಹುಟ್ಟಿರಲಿಲ್ಲ, ಆದರೆ ಆ ದಿನದ ಕಥೆ ಇಲ್ಲದ ಮನೆ ಮುಂಬಯಿಯಲ್ಲಿಲ್ಲ. ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ. ನಾನು ಬೋರ್ಡಿನ ಮೇಲೆ ಆ ಅಂಕಿ ಬರೆದು ಕೇಳಿದೆ: ಹತ್ತು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಖೋಲಿಯ ಸೂರಿನ ಮೇಲೆ ಅಂದು ಎಷ್ಟು ಲೀಟರ್ ನೀರು ಬಿತ್ತು?

ಕೂಡಲೇ ಎರಡು ಗುಂಪಾಯಿತು. ಐಸಿಎಸ್‌ಇ ಹುಡುಗನಿಗೆ ಅಡಿಯನ್ನು ಮೀಟರಿಗೆ ತಿರುಗಿಸುವುದು ಗೊತ್ತಿತ್ತು: ಸುಮಾರು 9.29 ಚದರ ಮೀಟರ್. ಬೆಹರಾಮಪಾಡಾ ಬಸ್ತಿಯ ಹುಡುಗಿಗೆ ಹತ್ತು ಬೈ ಹತ್ತು ಎಂದರೆ ಅದರಲ್ಲಿ ಎಷ್ಟು ಜನ ಮಲಗಬಹುದು, ಡ್ರಮ್ಮು ಎಲ್ಲಿಡಬಹುದು, ಡ್ರಮ್ಮಿಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಗೊತ್ತಿತ್ತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ಎಂಬುದನ್ನು ಇಬ್ಬರೂ ಸೇರಿ, ಸ್ಕೇಲು ಇಟ್ಟು, ಡಬ್ಬಿ ಬಿಡಿಸಿ ಕಂಡುಹಿಡಿದರು. 9.29 ಇಂಟು 944. ಸುಮಾರು 8,770 ಲೀಟರ್. 'ಅಂದರೆ ಒಂದು ಟ್ಯಾಂಕರಿಗೆ ಚೂರು ಕಮ್ಮಿ' ಎಂದಳು ಅವಳು ಥಟ್ಟನೆ. ಹತ್ತು ಸಾವಿರ ಲೀಟರಿನ ಟ್ಯಾಂಕರು ಅವಳ ಓಣಿಯ ದಿನನಿತ್ಯದ ವಿಷಯ. ಅವನು ಅವಳನ್ನು ಟ್ಯಾಂಕರಿನ ಬಗ್ಗೆ ಕೇಳತೊಡಗಿದ. ದಿನಕ್ಕೆ ಎಷ್ಟು ಸಲ ಬರುತ್ತದೆ, ಒಂದು ಮನೆಗೆ ಎಷ್ಟು ಹಂಡೆ, ಕ್ಯೂ ಯಾರು ನೋಡಿಕೊಳ್ಳುತ್ತಾರೆ. ನಾನು ಬೋರ್ಡಿನಿಂದ ದೂರ ಸರಿದು ಚಹಾ ಕುಡಿದೆ. ಆ ಸಂಜೆ ಕಲಿಸಿದವಳು ಅವಳು.

ಸೆಪ್ಟೆಂಬರ್ ಬಂದರೆ ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಜಾತ್ರೆ. ಬೆಟ್ಟದ ದಾರಿಯಲ್ಲಿ ಮೇಣದ ಕೈಕಾಲು, ಮೇಣದ ಮನೆ, ಮೇಣದ ಮಗು ಮಾರುವ ಅಂಗಡಿಗಳು, ಗಾಡಿಯಲ್ಲಿ ಕಡಲೆಮಿಠಾಯಿ. ಆ ವಾರ ಹಾಜರಿಯ ಆಸೆ ಬಿಡಬೇಕು. ಎಲ್ಲ ಧರ್ಮದ ಮಕ್ಕಳೂ ಜಾತ್ರೆಗೆ ಹೋಗುತ್ತಾರೆ. ನಾವೂ ಹೋಗುತ್ತೇವೆ.

ಸಂಜೆಯ ಬ್ಯಾಚು ಬೇಗ ಮುಗಿದ ದಿನ ನಾನು ಬ್ಯಾಂಡ್‌ಸ್ಟ್ಯಾಂಡಿನ ಕಡೆ ನಡೆಯುತ್ತೇನೆ. ಜನ ಅಲ್ಲಿ ಸಿನಿಮಾ ನಟರ ಬಂಗಲೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ನೆನೆಯುವುದು ಅಲ್ಲೇ, ಸಮುದ್ರಕ್ಕೆ ಮುಖಮಾಡಿದ ಮನೆಯೊಂದರಲ್ಲಿ ಬಾಳಿದ ಯಶವಂತ ಚಿತ್ತಾಲರನ್ನು. ನಮ್ಮ ಜಿಲ್ಲೆಯವರು, ಹನೇಹಳ್ಳಿಯವರು. ಪಾಲಿಮರ್ ತಂತ್ರಜ್ಞಾನ ಓದಿ, ಕಂಪನಿಯಲ್ಲಿ ಎತ್ತರದ ಹುದ್ದೆಗೇರಿ, ಬಾಂದ್ರಾದಲ್ಲಿ ಕೂತು ಹನೇಹಳ್ಳಿಯನ್ನೂ ಮುಂಬಯಿಯನ್ನೂ ಬರೆದರು. 2014ರ ಮಾರ್ಚ್ 22ರಂದು ತೀರಿಕೊಂಡರು. ಅವರ 1979ರ ಕಾದಂಬರಿ 'ಶಿಕಾರಿ'ಯ ನಾಗಪ್ಪ ಕೆಲಸ ಮಾಡುವ ಕಂಪನಿಯನ್ನು ಓದಿದವರು ಮರೆಯಲಾರರು. ಅಲ್ಲಿ ಮನುಷ್ಯ ಮನುಷ್ಯನನ್ನು ಬೇಟೆಯಾಡುತ್ತಾನೆ. ಕಾರಣ ಹೇಳದೆ ವಿಚಾರಣೆ ನಡೆಯುತ್ತದೆ. ಯಾರ ಮಾತಿನ ಹಿಂದೆ ಯಾರಿದ್ದಾರೆ ಎಂಬ ಗುಮಾನಿ ಉಸಿರುಗಟ್ಟಿಸುತ್ತದೆ. ಕಾಲೇಜಿನಲ್ಲಿ ಅದನ್ನು ಓದಿ ಕಂಪನಿ ಎಂಬ ಜಾಗದ ಬಗ್ಗೆಯೇ ನನಗೊಂದು ಅಳುಕು ಕೂತಿತ್ತು. ದೊಡ್ಡ ಕ್ಲಾಸಿನ ನೌಕರಿ ಆ ಅಳುಕನ್ನು ಕಳೆಯಲಿಲ್ಲ. ರಣವಾರಿನ ಎರಡು ಕೋಣೆ ಕಳೆಯಿತು. ನಾಲ್ವರು ಟ್ಯೂಟರುಗಳು ಶನಿವಾರ ಮಧ್ಯಾಹ್ನ ಕೂತು ವಾರದ ಮಕ್ಕಳ ತಪ್ಪುಗಳನ್ನು ಹರಡಿಕೊಂಡು ಮಾತಾಡುವಾಗ ಯಾರಿಗೂ ಮುಚ್ಚಿಡುವುದೇನೂ ಇರುವುದಿಲ್ಲ. 'ಈ ಹುಡುಗಿ ನನ್ನ ಹತ್ತಿರ ಬಾಯಿ ಬಿಡುತ್ತಿಲ್ಲ, ಒಂದು ವಾರ ನೀವು ಕೂತು ನೋಡಿ' ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದು ಅಲ್ಲಿ ಸೋಲಲ್ಲ. ಹೆಸರು ಗೊತ್ತಿರುವಷ್ಟೇ ಜನ ಇರುವ ಜಾಗದಲ್ಲಿ ಮನುಷ್ಯ ಬೆಳೆಯುತ್ತಾನೆ ಎಂಬ ನನ್ನ ನಂಬಿಕೆಗೆ ಆ ಶನಿವಾರಗಳೇ ಆಧಾರ.

2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಹದಿನಾರು ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬಾರದು, ರ್‍ಯಾಂಕಿನ ಸುಳ್ಳು ಭರವಸೆ ಕೊಡಬಾರದು ಎಂದೆಲ್ಲ ಅದರಲ್ಲಿದೆ. ಅದರ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ದೊಡ್ಡ ಹಾಲಿನಲ್ಲಿ ಮೈಕು ಹಿಡಿದವನು ನಾನು. ಶಾಲೆಯಲ್ಲೇ ಪ್ರತಿ ಮಗುವಿನ ಪಕ್ಕ ಯಾರಾದರೂ ಕೂರುವಂತಿದ್ದರೆ ನಮ್ಮಂಥ ಕಂಪನಿಗಳು ಬೇಕಾಗುವುದಿಲ್ಲ, ಬೇಕಾಗದಿದ್ದರೆ ನಾನೇ ಸಂತೋಷದಿಂದ ಬಾಗಿಲು ಹಾಕುತ್ತೇನೆ. ಅದು ಆಗದ ಮಾತೇನಲ್ಲ. ಇದೇ ಮುಂಬಯಿಯಲ್ಲಿ ಪ್ರಥಮ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಬಾಲಸಖಿ ಎಂಬ ಕಾರ್ಯಕ್ರಮ ತಂದಿತು. ಅದೇ ಬಸ್ತಿಯ, ಹೈಸ್ಕೂಲು ಓದಿದ ಯುವತಿಯರು ಪಾಲಿಕೆ ಶಾಲೆಗಳಲ್ಲಿ ಹಿಂದೆಬಿದ್ದ ಮಕ್ಕಳನ್ನು ಚಿಕ್ಕ ಗುಂಪು ಮಾಡಿಕೊಂಡು ದಿನಕ್ಕೆ ಎರಡು ಗಂಟೆ ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು ಮುಂಬಯಿ, ವಡೋದರಾಗಳಲ್ಲಿ ಅದನ್ನು ಪರೀಕ್ಷಿಸಿ ಮಕ್ಕಳ ಕಲಿಕೆ ನಿಜಕ್ಕೂ ಮೇಲೇರಿತೆಂದು 2007ರಲ್ಲಿ ಪ್ರಕಟಿಸಿದರು. ಆ ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. ಬಾಲಸಖಿಯರ ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ಗೌರವ ಅವರಿಗೇ ಹೆಚ್ಚು.

ಮುಂಬಯಿ ಕನ್ನಡಿಗರಿಗೆ ಪಕ್ಕದಲ್ಲಿ ಕೂತು ಕಲಿಸುವ ಈ ವಿದ್ಯೆಯ ಒಂದು ಹಳೆಯ ಪರಂಪರೆಯೇ ಇದೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಮೊಗವೀರರು, ಬಿಲ್ಲವರು, ಬಂಟರು, ಊರಿನ ಹೆಸರಿನಲ್ಲಿ ಸೇರಿದ ಇತರರು ಫೋರ್ಟ್ ಪ್ರದೇಶದ ಓಣಿಗಳಲ್ಲಿ ಕನ್ನಡದ ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ಟೇಬಲ್ ಒರೆಸಿದ ಹುಡುಗರು ರಾತ್ರಿ ಸ್ಲೇಟು ಹಿಡಿದರು. ಅವರಲ್ಲೇ ಕೆಲವರು ಬ್ಯಾಂಕು ಸೇರಿದರು, ವಕೀಲರಾದರು, ತಾವೇ ಹೋಟೆಲು ತೆರೆದರು. ಅಲ್ಲಿ ಕಲಿಸಿದವರೂ ಬಹುತೇಕ ಹಗಲು ಬೇರೆಡೆ ದುಡಿದು ಬಂದವರೇ. ನಿದ್ದೆಗಣ್ಣಿನ ಹುಡುಗನಿಗೆ ಅಕ್ಷರ ದಾಟಿಸುವ ತಾಳ್ಮೆ ಅವರಿಗೆ ಎಲ್ಲಿಂದ ಬಂತು ಎಂದು ಮೊದಲೆಲ್ಲ ಅಚ್ಚರಿಪಡುತ್ತಿದ್ದೆ. ಈಗ ಅದು ಎಲ್ಲಿಂದಲೂ ಬರುವುದಲ್ಲ, ಪಕ್ಕದಲ್ಲಿ ಕೂತವನಿಗೆ ದಿನಾ ಸ್ವಲ್ಪ ಸ್ವಲ್ಪ ಹುಟ್ಟುವುದು ಎಂದು ತಿಳಿದಿದೆ.

ಹೋದ ವರ್ಷ ಬಾಡಿಗೆ, ಕರೆಂಟು ಎಲ್ಲ ಏರಿ ಒಡತಿ ಒಂದು ಶನಿವಾರ ಒಂಬತ್ತನೆಯ ಕುರ್ಚಿಯ ಮಾತು ತೆಗೆದರು. ಅವರಿಗೂ ಮನಸ್ಸಿರಲಿಲ್ಲ, ಲೆಕ್ಕ ಕೂಡುತ್ತಿರಲಿಲ್ಲ. ನಾವು ನಾಲ್ವರೂ ಒಪ್ಪಲಿಲ್ಲ. ಒಂಬತ್ತು ಒಪ್ಪಿದರೆ ಹತ್ತು ಬರುತ್ತದೆ, ಹದಿನೈದು ಬರುತ್ತದೆ, ಒಂದು ದಿನ ಮೈಕೂ ಬರುತ್ತದೆ. ಬದಲಿಗೆ ಬೆಳಿಗ್ಗೆ ಏಳಕ್ಕೆ ಇನ್ನೊಂದು ಬ್ಯಾಚು ತೆರೆಯೋಣ ಎಂದೆವು. ಬೆಳಿಗ್ಗೆ ಶಾಲೆಯ ಮಕ್ಕಳು ಯಾರು ಬರುತ್ತಾರೆ ಎಂದು ಒಡತಿ ಕೇಳಿದರು. ಕೆಲಸಕ್ಕೆ ಹೋಗುವವರು ಬರುತ್ತಾರೆ ಎಂದೆ. ಹದಿನೇಳನೆಯ ನಮೂನೆ ತುಂಬಿ ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕೂರುವವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಸಂಜೆ ಬಿಡುವಿರುವುದಿಲ್ಲ.

ಬಂದರು. ಬ್ಯೂಟಿ ಪಾರ್ಲರಿನ ಇಬ್ಬರು ಹುಡುಗಿಯರು, ಒಬ್ಬ ಡೆಲಿವರಿ ಹುಡುಗ, ಸೊಸೈಟಿಯೊಂದರ ಕಾವಲುಗಾರ, ಮತ್ತು ಹತ್ತೊಂಬತ್ತು ವರ್ಷದ ಕುಂದಾಪುರದ ಹುಡುಗ. ಅವನು ಖಾರಿನ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಾನೆ. ಪಾಳಿ ಶುರುವಾಗುವುದು ಒಂಬತ್ತಕ್ಕೆ. ಸೇರಿದ ಮೊದಲ ವಾರ ಹಿಂದಿಯಲ್ಲಿ ತಡವರಿಸಿದ. ಬಾಂದ್ರಾದಲ್ಲಿ ನಾನು ಕನ್ನಡದಲ್ಲಿ ಪಾಠ ಮಾಡಿದ್ದು ಅವನಿಗೇ ಮೊದಲು. 'ಅರವತ್ತೆರಡು ಬರೆ' ಎಂದಾಗ ಅವನ ಪೆನ್ಸಿಲ್ಲು ಎಡದಿಂದ ಬಲಕ್ಕೆ ನೇರ ಹೋಯಿತು. ಪಕ್ಕದಲ್ಲಿದ್ದ ಕಾವಲುಗಾರ ಅದನ್ನು ಬಗ್ಗಿ ನೋಡಿದ.

ಈ ಹುಡುಗ ಹೆಚ್ಚು ಮಾತಾಡುವುದಿಲ್ಲ. ನಾನೂ ಕಾಯುತ್ತೇನೆ. ಮೊನ್ನೆ ಬೀಜಗಣಿತದ ಸಮೀಕರಣವೊಂದನ್ನು ಬಿಡಿಸಿ ಮುಗಿಸಿ, ಉತ್ತರದ ಕೆಳಗೆ ಗೆರೆ ಎಳೆದು, ಸುಮಾರು ಹೊತ್ತು ಸುಮ್ಮನೆ ಕೂತ. ಆಮೇಲೆ ಕೇಳಿದ: 'ಸರ್, ಎಕ್ಸ್‌ಗೆ ಎರಡು ಉತ್ತರ ಬಂತಲ್ಲ, ಒಂದು ಮೈನಸ್. ಎಂತಕ್ಕೆ ಎರಡು?' ನನ್ನ ಬಳಿ ಉತ್ತರವಿತ್ತು. 'ನಿನಗೆ ಏನನ್ನಿಸುತ್ತದೆ?' ಎಂದೆ. ಅವನು ಗಡಿಯಾರ ನೋಡಿದ. ಎಂಟೂವರೆ. ನಾಳೆ ಹೇಳುತ್ತೇನೆ ಎಂದ.

'ಪಕ್ಕಾ?' ಎಂದೆ.

'ಪಕ್ಕಾ ಸರ್.'